ನೇಪಾಳ ಎಂದು ಬರೆದ ಆ ಒಂದು ಸಾಲು

ಕುಂದಾಪುರದಲ್ಲಿ ಎಚ್‌ಐವಿ ಪರೀಕ್ಷೆಗೆ ಬಂದವರೊಡನೆ ಮಾತಾಡಿ ಧೈರ್ಯ ಹೇಳುವ ಕೆಲಸ ನನ್ನದು. ಕೆಲವು ವರ್ಷಗಳ ಹಿಂದೆ ಗಂಡ ಹೆಂಡತಿ ಒಟ್ಟಿಗೆ ಬಂದರು. ಗಂಡ ನೇಪಾಳದವರು, ಕೋಟೇಶ್ವರದ ಹೋಟೆಲೊಂದರಲ್ಲಿ ಅಡುಗೆಗಿದ್ದರು. ಹೆಂಡತಿ ಕಿರಿಮಂಜೇಶ್ವರದ ಕಡೆಯವಳು. ಇಬ್ಬರಿಗೂ ಪಾಸಿಟಿವ್ ಬಂದಿತ್ತು. ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಬೇಕು ಎಂಬುದು ನಮ್ಮ ನಿಯಮ. ನಾನು ಹೆಂಡತಿಯ ಎದುರೇ ಅವರನ್ನು ಕೇಳಿದೆ:

"ಊರಿಂದ ಬಪ್ಪತಿಗೇ ಇತ್ತಾ ನಿಂಗೆ?"

ಇಲ್ಲಿಯ ಗಂಡಸರನ್ನು ಯಾವತ್ತೂ ಏಕವಚನದಲ್ಲಿ ಮಾತಾಡಿಸಿದವಳಲ್ಲ ನಾನು. ಅವರು ಒಮ್ಮೆ ಹೆಂಡತಿಯ ಮುಖ ನೋಡಿ, ಊರಿಂದ ಬರುವಾಗಲೇ ಕಾಯಿಲೆ ಇದ್ದಿರಬಹುದು ಎಂದರು.

ಆ ವರ್ಷ, ಮಾತ್ರೆ ತೆಗೆದುಕೊಳ್ಳುವವರು ಎಲ್ಲೆಲ್ಲಿ ಹುಟ್ಟಿದವರು ಎಂದು ಜಿಲ್ಲಾ ಕಚೇರಿಯಿಂದ ಪಟ್ಟಿ ಕೇಳಿದರು. ಹೆಚ್ಚಿನವರೆಲ್ಲ ನಮ್ಮ ಸುತ್ತಲಿನ ಮೂರು ತಾಲೂಕಿನಲ್ಲೇ ಹುಟ್ಟಿದವರು, ಕೆಲವರು ಮುಂಬೈಯಲ್ಲಿ. ಹೊರದೇಶದ್ದು, ನೇಪಾಳ ಎಂದು ಬರೆದದ್ದು, ಇವರದೊಂದೇ ಸಾಲು. ಆದರೂ ಬ್ರಹ್ಮಾವರದಲ್ಲಿ ನಡೆದ, ನಮ್ಮಂಥ ಕೆಲಸದವರ ಮೀಟಿಂಗಿನಲ್ಲಿ ನಾನು ಎದ್ದು ನಿಂತು ಹೇಳಿದ್ದು ಆ ಒಂದು ಸಾಲಿನ ಬಗ್ಗೆ. ಹೊರಗಿನಿಂದ ಬಂದವರು ಕಾಯಿಲೆ ತಂದು ನಮ್ಮ ಹೆಣ್ಣುಮಕ್ಕಳಿಗೆ ಕೊಡುತ್ತಾರೆ ಎಂದೆ. ಎಲ್ಲರೂ ತಲೆಯಾಡಿಸಿದರು. ನನಗೆ ಹೆಮ್ಮೆಯೆನಿಸಿತ್ತು.

ಎರಡು ತಿಂಗಳ ಮೇಲೆ ಹೆಂಡತಿ ಒಬ್ಬಳೇ ಮಾತ್ರೆಗೆ ಬಂದಳು. ಚೀಲದಿಂದ ಒಂದು ಹಳೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಮದುವೆಗೆ ಸ್ವಲ್ಪ ಮೊದಲು ಗಲ್ಫ್ ಕೆಲಸಕ್ಕೆಂದು ಗಂಡ ಮಾಡಿಸಿದ್ದ ರಕ್ತಪರೀಕ್ಷೆ. ಅದರಲ್ಲಿ ನೆಗೆಟಿವ್ ಎಂದಿತ್ತು.

"ಇದ್ ಅವ್ರ್ ತಂದದ್ದಲ್ಲ ಮೇಡಂ," ಎಂದಳು. "ನನ್ನ ಮೊದ್ಲಿನ ಗಂಡ ಇದ್ರಗೇ ಸತ್ತದ್ದ್. ಅವ್ರ್ ಶಿರೂರ್ ಬಿಟ್ಟ್ ಎಲ್ಲಿಗೂ ಹೋದವ್ರಲ್ಲ. ನಾನ್ ಹೆದ್ರಿ ಟೆಸ್ಟ್ ಮಾಡ್ಸ್ಲಿಲ್ಲ."

ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಇವ್ರೇ ಬ್ಯಾಡ ಅಂದ್ರ್. ನಿಂಗೆ ಇಲ್ಲ್ ಅಪ್ಪನ ಮನಿ ಇತ್ತ್, ನಾನ್ ಹ್ಯಾಂಗೂ ಹೊರಗಿನವ, ನನ್ನ್ ಮೇಲೇ ಇರ್ಲಿ ಅಂದ್ರ್."

ನನಗೆ ಅವಳನ್ನು ನೋಡಲಾಗಲಿಲ್ಲ. ರಿಜಿಸ್ಟರ್ ಹುಡುಕುವವಳಂತೆ ಬಗ್ಗಿ ಡ್ರಾಯರ್ ಎಳೆದೆ.

ಮುಂದಿನ ಮೀಟಿಂಗಿನಲ್ಲಿ ನಾನು ಹೇಳಿದ್ದು ತಪ್ಪು ಎಂದೆ. ಅಷ್ಟರಲ್ಲಿ ಚಹಾ ಬಂದಿತ್ತು, ಹೆಚ್ಚಿನವರು ಕೇಳಿಸಿಕೊಳ್ಳಲೇ ಇಲ್ಲ. ಅವಳ ಗಂಡ ಬಂದ ದಿನ ಬಾಗಿಲು ಹಾಕಿ ಕ್ಷಮೆ ಕೇಳಿದೆ. ಅವರು ನನ್ನನ್ನು ಸಮಾಧಾನಪಡಿಸಲೂ ಇಲ್ಲ, ಬೈಯಲೂ ಇಲ್ಲ. ಹೆಂಡತಿಗೆ ಈ ಮಾತ್ರೆಯಿಂದ ತಲೆ ಸುತ್ತುತ್ತದೆ, ಬದಲಾಯಿಸಬಹುದೇ ಎಂದು ಕೇಳಿದರು. ಡಾಕ್ಟರ ಕೋಣೆಗೆ ನಾನೇ ಕರೆದುಕೊಂಡು ಹೋದೆ.