ಎಲ್ಲಕ್ಕಿಂತ ದಪ್ಪನೆಯ ಪುಸ್ತಕ

ಕಳೆದ ಮಂಗಳವಾರ ಮಧ್ಯಾಹ್ನ ಮೂರು ಗಂಟೆ. ಹೊಸೂರಿನ ನಮ್ಮ ಆಸ್ಪತ್ರೆಯ ಪುಟ್ಟ ಗ್ರಂಥಾಲಯದಲ್ಲಿ ನಾನು ಮತ್ತು ಅಂಚೆಟ್ಟಿ ಕಡೆಯ ಒಬ್ಬ ಹೆಂಗಸು, ಇಬ್ಬರೇ ಇದ್ದೆವು. ಬೆಳಗಿನಿಂದ ವಾರ್ಡುಗಳಿಗೆ ಪುಸ್ತಕ ಹೊತ್ತು ನನ್ನ ಕಾಲುಗಳು ಸೋತಿದ್ದವು. ಆಕೆ ವೈದ್ಯರ ಕಪಾಟಿನ ಇಂಗ್ಲಿಷ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಓದದವರು ಇಲ್ಲಿ ಕೂರಬಾರದು ಎಂಬುದು ನಾನೇ ಬರೆದು ಅಂಟಿಸಿದ ನಿಯಮ.

"ಏನಮ್ಮ, ಇಷ್ಟೊತ್ತಾದ್ರೂ ಒಂದೇ ಪುಟನಾ?"

"ಓದಾಕೆ ಬರಾಕಿಲ್ಲ ಸಾಮಿ. ನಮ್ ಯಜಮಾನ್ರಿಗೆ ಆಪರೇಸನ್ ಮಾಡ್ತಾವ್ರೆ. ಆ ಬಾಗ್ಲತ್ರ ಕುಂತ್ರೆ ವಾಚ್‌ಮನ್ ಎಬ್ಬಿಸ್ತಾನೆ. ಪುಸ್ತಕ ಹಿಡ್ಕಂಡ್ರೆ ಇಲ್ಲಿ ಕುಂತ್ಕಬೋದು ಅಂದ್ರು. ದಪ್ಪದ್ದು ಬೇಗ ಮುಗಿಯಾಕಿಲ್ಲ ಅಂತ ಇದ್ನೇ ತಕಂಡೆ."

ಕಿಟಕಿಯಿಂದ ಆಪರೇಷನ್ ಕೋಣೆಯ ಬಾಗಿಲು ನೇರವಾಗಿ ಕಾಣುತ್ತಿತ್ತು. ನಾನು ನನ್ನ ಮೇಜಿಗೆ ಮರಳಿದೆ.

ಐದಕ್ಕೆ ಬೀಗ ಹಾಕುವುದು ನನ್ನ ಪದ್ಧತಿ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಐದಕ್ಕೆ ಬೀಗ ಕೈಗೆತ್ತಿಕೊಂಡಾಗ ಆಕೆ ಪುಸ್ತಕವನ್ನು ಎದೆಗವಚಿಕೊಂಡಳು.

"ಇನ್ನೂ ಅರ್ಧಾನೂ ಆಗಿಲ್ಲ ಸಾಮಿ."

ಬೀಗವನ್ನು ಮೇಜಿನ ಮೇಲಿಟ್ಟು, ಸರಿಯಾಗಿಯೇ ಇದ್ದ ಕಪಾಟನ್ನು ಮತ್ತೆ ಜೋಡಿಸತೊಡಗಿದೆ. ಕಾಲು ನೋಯುತ್ತಿದ್ದರೂ ಕೂರಲು ಮನಸ್ಸಾಗಲಿಲ್ಲ.

ಆರೂಕಾಲಿಗೆ ಆ ಬಾಗಿಲು ತೆರೆಯಿತು. ನರ್ಸ್ ಹೊರಬಂದು, "ಕಣ್ ಬಿಟ್ಟವ್ರೆ, ಬಾಮ್ಮಾ" ಎಂದು ಕೂಗಿದಳು. ಪುಸ್ತಕದ ಸಮೇತ ಓಡಿದ ಆಕೆ ಅರ್ಧ ದಾರಿಯಿಂದ ತಿರುಗಿ ಬಂದು, ಅದನ್ನು ನನ್ನ ಕೈಗಿಟ್ಟು ಮತ್ತೆ ಓಡಿದಳು.

ನಾನು ಪುಸ್ತಕವನ್ನು ವೈದ್ಯರ ಕಪಾಟಿಗೆ ಸೇರಿಸಲಿಲ್ಲ. ನಾಳೆಯೂ ಯಾರಿಗಾದರೂ ಬೇಕಾದೀತು ಎಂದು ಕಿಟಕಿಯ ಪಕ್ಕದ ಕುರ್ಚಿಯ ಮೇಲಿಟ್ಟು, ದೀಪವಾರಿಸಿ ಬೀಗ ಹಾಕಿದೆ.