ಹತ್ತು ಹೆಜ್ಜೆಯಲ್ಲಿ ಕಳೆದ ಮಾತು

ನಮ್ಮ ಹಿತ್ತಿಲ ಬಾಗಿಲಿನಿಂದ ಅಪ್ಪ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಮಗ್ಗದ ಗುಂಡಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ದೂರಕ್ಕೆ ಅಕ್ಕ ನನ್ನ ಹತ್ತಿರ ಒಂದು ಮಾತು ಹೇಳಿ ಕಳಿಸಿದ್ದಳು. ನಾನು ಅದನ್ನು ಮುಟ್ಟಿಸಲಿಲ್ಲ. ಮುಟ್ಟಿಸಿದೆ ಎಂದು ಅವಳಿಗೆ ಸುಳ್ಳು ಹೇಳಿದೆ. ಆಗ ನನಗೆ ಒಂಬತ್ತು ವರ್ಷ. ವಯಸ್ಸಿನ ನೆಪ ಹೇಳಿಕೊಂಡು ತಪ್ಪಿಸಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಒಂಬತ್ತು ವರ್ಷದ ನೆಪ ಒಂದೆರಡು ದಿನಕ್ಕೆ ಸಾಲುತ್ತದೆ, ಜೀವಮಾನಕ್ಕೆ ಸಾಲುವುದಿಲ್ಲ.

ಮೊನ್ನೆ ಪಕ್ಕದ ಮನೆಯ ಹೆಂಗಸು ಹತ್ತಿ ಸೀರೆಗೆ ಗಂಜಿ ಹಾಕಿ ನಮ್ಮ ಗೋಡೆಯ ಮೇಲೆ ಹರವಿದ್ದಳು. ಬಿಸಿಲೇರಿದಂತೆ ಆ ಹುಳಿಗಂಜಿಯ ವಾಸನೆ ಒಳಗೆ ಬಂತು. ಅಕ್ಕಿ ಆರಿಸುತ್ತಿದ್ದ ನನ್ನ ಕೈ ತಾನಾಗಿ ನಿಂತುಹೋಯಿತು. ಉಡುಮಲೈಪೇಟೆಯಿಂದ ಗಾಡಿಯಲ್ಲಿ ಅರ್ಧ ಹಗಲು ದೂರದ ನಮ್ಮ ನೇಕಾರರ ಬೀದಿಯಲ್ಲಿ ಬೆಳಗಾಗುತ್ತಿದ್ದುದೇ ಈ ವಾಸನೆಯಿಂದ. ಸೂರ್ಯ ಹುಟ್ಟುವ ಮೊದಲೇ ಬೀದಿಯುದ್ದಕ್ಕೂ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳನ್ನು ಚಾಚಿ, ಎರಡೂ ಕಡೆ ನಿಂತು ಗಂಜಿ ಹಚ್ಚಿ, ಕುಂಚದಿಂದ ತೀಡುತ್ತಿದ್ದರು. ಎಳೆಗಳ ಮೇಲೆ ಮೊದಲ ಬಿಸಿಲು ಬಿದ್ದಾಗ ಬೀದಿಯಲ್ಲಿ ಬಿಳಿಯ ನೀರು ನಿಂತಂತೆ ಕಾಣುತ್ತಿತ್ತು. ಹೊಸ್ತಿಲಿನಾಚೆ ತಮಿಳು, ಒಳಗೆ ಕನ್ನಡ. ನಾನು ಊರಿನ ತಮಿಳು ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ ಓದಿದವಳು. ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ, ನನ್ನ ಮಕ್ಕಳ ಪುಸ್ತಕ ನೋಡಿ. ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಇದ್ದದ್ದು ನಾಲ್ಕೇ ಜನ. ಅಪ್ಪ, ಅವ್ವ, ಅಕ್ಕ ರುಕ್ಕು, ನಾನು. ನಾಲ್ಕು ಜನಕ್ಕೆ ಮಾತಿನ ಕಟ್ಟಳೆ ಮಾತ್ರ ನಲವತ್ತು ಜನರ ಮನೆಯಷ್ಟು. ಅವ್ವ ಅಪ್ಪನ ಹೆಸರು ಹೇಳುವಂತಿಲ್ಲ. ಅಪ್ಪ ಮಗ್ಗದಲ್ಲಿ ಕೂತಿದ್ದಾಗ ಎದುರಿಗೆ ನಿಂತು ಮಾತಾಡುವಂತಿಲ್ಲ. ಹೆಣ್ಣುಮಗಳು ದೊಡ್ಡವಳಾದ ದಿನದಿಂದ ಅಪ್ಪನ ಮುಖ ನೋಡಿ ಮಾತಾಡುವಂತಿಲ್ಲ. ಲಾಳಿ ಓಡುತ್ತಿರುವಾಗ ಯಾರೂ ಏನೂ ಹೇಳಬಾರದು. ನೂಲು ತೀರಿ ಅಪ್ಪ ಲಾಳಿಯೊಳಗಿನ ನೂಲಿನ ಸುರುಳಿ, ಕಂಡಿಕೆ, ಬದಲಿಸಲು ಕೈ ಚಾಚಿದಾಗ, ಆ ಒಂದು ಗಳಿಗೆಯಲ್ಲಿ ಹೇಳಬೇಕು. ಕಂಡಿಕೆಯನ್ನು ಕೈಗೆ ಕೊಡುತ್ತಿದ್ದವಳು ನಾನು. ಆದ್ದರಿಂದ ಮನೆಯ ಮಾತೆಲ್ಲ ನನ್ನ ಬಾಯಿಂದಲೇ ಅಪ್ಪನಿಗೆ ಹೋಗುತ್ತಿತ್ತು, ಅಪ್ಪನ ಮಾತೆಲ್ಲ ನನ್ನ ಬಾಯಿಂದಲೇ ಒಳಗೆ ಬರುತ್ತಿತ್ತು. ಬೀದಿಯವರು ನನಗೆ ಇಟ್ಟ ಹೆಸರು ತಪಾಲು, ಅಂದರೆ ಅಂಚೆ. ನೀರಿಗೆ ಹೋದರೆ ಹೆಂಗಸರು, “ಏನೇ ತಪಾಲು, ಇವತ್ತು ನಿಮ್ಮವ್ವ ನಿಮ್ಮಪ್ಪನಿಗೆ ಎಷ್ಟು ಕಾಗದ ಬರೆದ್ಳು?” ಎಂದು ನಗುತ್ತಿದ್ದರು. ನನಗೆ ಅದು ಅವಮಾನ ಅನ್ನಿಸುತ್ತಿರಲಿಲ್ಲ. ಹೆಮ್ಮೆಯೇ ಆಗುತ್ತಿತ್ತು.

ಆ ಓಡಾಟದಲ್ಲಿ ನಗುವೂ ಇತ್ತು. ಅವ್ವ ಒಲೆಯ ಮುಂದೆ ಕೂತು ಅಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ, “ಹೇಳೇ ಅವರ್ಗೆ, ಉಪ್ಪು ತೀರಿ ಮೂರು ದಿನ ಆಯ್ತು. ಸಾರಿಗೆ ನನ್ ಕಣ್ಣೀರು ಹಾಕ್ಲಾ ಅಂತ ಕೇಳು” ಅನ್ನುತ್ತಿದ್ದಳು. ನಾನು ಹತ್ತು ಹೆಜ್ಜೆ ನಡೆದು ಅದನ್ನೇ ಹೇಳಬೇಕು. ಆಗಲೇ ಕೇಳಿಸಿಕೊಂಡಿದ್ದ ಅಪ್ಪ ಈಗತಾನೇ ಕೇಳಿದವರಂತೆ ತಲೆ ಎತ್ತಿ, “ಬೇಡ ಅಮ್ಮಣಿ, ನಿಮ್ಮವ್ವನ ಕಣ್ಣೀರು ಕಾರ. ಸಂಜೆ ಉಪ್ಪು ತರ್ತೀನಿ ಅನ್ನು” ಎನ್ನುತ್ತಿದ್ದರು. ಒಳಗೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುವುದು ನನಗೂ ಕೇಳುತ್ತಿತ್ತು, ಅಪ್ಪನಿಗೂ ಕೇಳುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥದೊಂದು ಕಟ್ಟಳೆ ಇದ್ದಿರಬಹುದು. ಅದರೊಳಗೆ ಎಷ್ಟು ಪ್ರೀತಿ ಓಡಾಡುತ್ತಿತ್ತು ಎನ್ನುವುದು ಅದು ಹೋದ ಮೇಲೆ ತಿಳಿಯುತ್ತದೆ. ಅದರೊಳಗೆ ಏನೇನು ಸತ್ತುಹೋಯಿತು ಎನ್ನುವುದು ಇನ್ನೂ ತಡವಾಗಿ ತಿಳಿಯುತ್ತದೆ.

ಮಗ್ಗದ ಹತ್ತಿರ ಕೆಟ್ಟ ಮಾತು ಆಡಬಾರದು ಎಂಬುದು ಇನ್ನೊಂದು ಕಟ್ಟಳೆ. ಅದರಲ್ಲೂ ಹೊಸ ಹಾಸು ಏರಿಸಿದ ದಿನ ಮಗ್ಗವೇ ದೇವರು. ಸಾವು, ರಕ್ತ, ಬೆಂಕಿ, ಯಾವ ಹೆಸರೂ ಬಾಯಿಗೆ ಬರಬಾರದು. ಎಳೆ ಹರಿದರೂ ಹರಿಯಿತು ಅನ್ನುತ್ತಿರಲಿಲ್ಲ, ನೂಲು ಮುನಿಸಿಕೊಂಡಿತು ಅನ್ನುತ್ತಿದ್ದೆವು. ಒಂದು ಸಲ ಹೊಸ ಹಾಸಿನ ಮೊದಲ ದಿನವೇ ನಾನು ಮರೆತು, “ಅಪ್ಪ, ಎಳೆ ಹರಿದೋಯ್ತು” ಎಂದು ಕೂಗಿಬಿಟ್ಟೆ. ಆ ಹಾಸು ಮಳೆಯ ತೇವಕ್ಕೆ ಸಿಕ್ಕು ಅರ್ಧ ಕೆಟ್ಟಿತು. ಅಪ್ಪ ಏನೂ ಅನ್ನಲಿಲ್ಲ. ಅವ್ವ ಮಾತ್ರ ನನ್ನ ತುಟಿಯ ಮೇಲೆ ಎರಡು ಬೆರಳಿನಿಂದ ಹೊಡೆದು, “ಕರಿನಾಲಿಗೆ. ಇನ್ನೊಂದ್ಸಲ ಮಗ್ಗದ ಹತ್ರ ಹಿಂಗೆ ಅಂದ್ರೆ ನಿನ್ನ ಕಂಡಿಕೆ ಕೊಡೋಕೆ ಬಿಡಲ್ಲ” ಎಂದಳು. ಹೊಡೆತದ ಉರಿ ಆ ದಿನಕ್ಕೇ ಹೋಯಿತು. ಅಪ್ಪನ ಹತ್ತಿರ ನಿಲ್ಲುವ ನನ್ನ ಜಾಗ ಹೋಗುತ್ತದೆ ಎಂಬ ಭಯ ಉಳಿಯಿತು.

ಅದಾಗಿ ಮೂರು ತಿಂಗಳಿಗೆ ಅಕ್ಕನಿಗೆ ಗಂಡು ಗೊತ್ತು ಮಾಡುವ ಮಾತು ಬಂತು. ಗಂಡು ಬೇರೆ ಯಾರೂ ಅಲ್ಲ, ಅವ್ವನ ಅಣ್ಣನ ಮಗ ನಂಜಪ್ಪ. ಸಾವಿರದ ಒಂಬೈನೂರ ಮೂವತ್ತರ ಆಚೀಚಿನ ಆ ದಿನಗಳಲ್ಲಿ ಕೊಯಮತ್ತೂರಿನ ಸುತ್ತ ಒಂದೊಂದೇ ಗಿರಣಿ ಏಳುತ್ತಿತ್ತು. ನಂಜಪ್ಪ ಪೀಳಮೇಡಿನ ಕಡೆ ಒಂದು ಗಿರಣಿಯಲ್ಲಿ ಕೆಲಸಕ್ಕಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಿದ್ದ. ನಮ್ಮ ಬೀದಿಗೆ ಅವನು ಬಂದರೆ ಗಂಡಸರು ಮಗ್ಗ ನಿಲ್ಲಿಸಿ ನೋಡುತ್ತಿದ್ದರು. ಅವನಿಗೆ ಕೆಮ್ಮಿತ್ತು. ಗಿರಣಿಯಲ್ಲಿ ಹತ್ತಿಯ ಧೂಳು, ಎಲ್ಲರಿಗೂ ಕೆಮ್ಮು ಬರುತ್ತದೆ ಎಂದು ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಪ್ಪ ಆ ಕಾಲದ ಗಂಡಸರು ಮಾಡದ ಒಂದು ಕೆಲಸ ಮಾಡಿದರು. ಹೊಸ ಹಾಸು ಏರಿಸಿ ಪೂಜೆಯಾಗಿ, ಕರ್ಪೂರದ ಹೊಗೆ ಇನ್ನೂ ತೊಲೆಯ ಕೆಳಗೆ ನಿಂತಿರುವಾಗಲೇ, ನನ್ನನ್ನು ಹತ್ತಿರ ಕರೆದು, “ಅಮ್ಮಣಿ, ಮಾಮನ ಮನೆಗೆ ಕೊಡೋದು ಅಕ್ಕನಿಗೆ ಸಮ್ಮತವಾ ಅಂತ ಕೇಳ್ಕೊಂಡು ಬಾ. ಬೇಡ ಅಂದ್ರೆ ಬೇಡ ಅನ್ಲಿ” ಎಂದರು. ನಾನು ಹಿತ್ತಿಲಿಗೆ ಓಡಿದೆ. ಅಕ್ಕ ರಾಟೆಯ ಮುಂದೆ ಕೂತಿದ್ದಳು. ನನ್ನ ಮಾತು ಕೇಳಿ ರಾಟೆ ನಿಲ್ಲಿಸಿದಳು. ಅವಳ ಮುಖ ಒಂದು ಗಳಿಗೆ ಅರಳಿತು. ಅಪ್ಪ ಕೇಳಿದ್ದಾರೆ ಎಂಬುದಕ್ಕೆ ಅರಳಿದ್ದು ಎಂದು ಈಗ ಅರ್ಥವಾಗುತ್ತದೆ. ಆಮೇಲೆ ನನ್ನನ್ನು ಎಳೆದು ಹತ್ತಿರ ಕೂರಿಸಿಕೊಂಡು ಕಿವಿಯಲ್ಲಿ ಹೇಳಿದಳು. ಮುದ್ದು ಬಂದಾಗ ಅವಳು ನನ್ನನ್ನು ತಮಿಳಿನವರಂತೆ ಕಣ್ಣು ಎಂದು ಕರೆಯುತ್ತಿದ್ದಳು.

“ಕೇಳು ಕಣ್ಣು, ಒಂದಕ್ಷರ ಬಿಡದ ಹಂಗೆ ಹೇಳ್ಬೇಕು. ಹೋದ ತಿಂಗಳು ಮಾಮನ ಮನೆಗೆ ಹೋಗಿದ್ವಲ್ಲ, ಆವಾಗ ನಾನು ಹಿತ್ತಿಲಲ್ಲಿ ಪಾತ್ರೆ ತೊಳೀತಿದ್ದೆ. ಮಾಪಿಳ್ಳೆ, ಅದೇ ಮಾಮನ ಮಗ, ಬಾಳೆ ಬುಡದಲ್ಲಿ ಕೆಮ್ಮಿ ಉಗುಳ್ದ. ರಕ್ತ ಇತ್ತು. ಕಾಲಲ್ಲಿ ಮಣ್ಣು ಮುಚ್ಚಿದ. ನಾನು ಕಣ್ಣಾರೆ ನೋಡ್ದೆ, ವಿಚಾರಿಸ್ಬೇಕಂತೆ ಅಂತ ಹೇಳು. ಅವ್ವನ ಹತ್ರ ಬಾಯಿ ಬಿಡ್ಬೇಡ. ತವರಿನ ಮೇಲೆ ಇಲ್ಲದ್ದು ಹೇಳ್ತಾಳೆ ಅಂತ ನನ್ನ ಕೊಂದೇ ಬಿಡ್ತಾಳೆ. ಅಪ್ಪನಿಗೆ ಮಾತ್ರ.”

ಹತ್ತು ಹೆಜ್ಜೆ. ಬಾಗಿಲು ದಾಟುವಾಗ ಮಾತು ಬಾಯಲ್ಲೇ ಇತ್ತು. ಮಗ್ಗದ ಹತ್ತಿರ ಬಂದಾಗ ಹೊಸ ಹಾಸಿನ ಮೇಲೆ ಕುಂಕುಮ, ಹೂವು, ಅಪ್ಪನ ಹಣೆಯಲ್ಲಿ ವಿಭೂತಿ. ರಕ್ತ ಎಂಬ ಮಾತನ್ನು ಇಲ್ಲಿ ಹೇಗೆ ಆಡುವುದು? ತುಟಿಯ ಮೇಲೆ ಅವ್ವನ ಬೆರಳು ಬಿದ್ದಂತಾಯಿತು. ಅಪ್ಪ ಕಂಡಿಕೆಗೆ ಕೈ ಚಾಚಿ, “ಏನಂದ್ಲು?” ಎಂದರು. ನಾನು, “ಏನೂ ಅನ್ನಲಿಲ್ಲ ಅಪ್ಪ” ಎಂದೆ. ಊಟಕ್ಕೆ ಎದ್ದಾಗ ಹೇಳೋಣ, ಮಗ್ಗದಿಂದ ದೂರ ಹೋಗಿ ಹೇಳೋಣ ಎಂದುಕೊಂಡೇ ಹಾಗೆಂದೆ. ಆದರೆ ನಮ್ಮ ಮನೆಯಲ್ಲಿ ಹೆಣ್ಣುಮಗಳು ಏನೂ ಅನ್ನದಿದ್ದರೆ ಒಪ್ಪಿಗೆ ಎಂದೇ ಅರ್ಥ. ಅಪ್ಪನ ಮುಖ ತಿಳಿಯಾಯಿತು. “ಸರಿ ಹಾಗಾದ್ರೆ” ಎಂದು ಲಾಳಿ ಓಡಿಸಿದರು.

ಹಿತ್ತಿಲಿಗೆ ಹೋದರೆ ಅಕ್ಕ ಎದ್ದು ನಿಂತಿದ್ದಳು. “ಹೇಳಿದ್ಯಾ?” ಎಂದಳು. “ಹೇಳ್ದೆ.” “ಏನಂದ್ರು?” “ವಿಚಾರಿಸ್ತೀನಿ ಅಂದ್ರು.” ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಅಪ್ಪನ ದನಿಯ ಏರಿಳಿತ ಕೂಡ ಸೇರಿಸಿ ಹೇಳಿದೆ. ಮಾತು ಒಯ್ದು ಒಯ್ದು ನನಗೆ ಅದು ಅಭ್ಯಾಸವಾಗಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವ ಪಕ್ಕದಲ್ಲೇ ಇದ್ದಳು. ಮಾರನೆಯ ದಿನ ಅಪ್ಪ ಒಬ್ಬರೇ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದರು. ಚೊಂಬು ಕೊಟ್ಟು ನಿಂತೆ. ನಿನ್ನೆ ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದರೆ? ಇನ್ನು ನನ್ನ ಮಾತನ್ನು ನಂಬದಿದ್ದರೆ? ಚೊಂಬು ವಾಪಸು ತೆಗೆದುಕೊಂಡು ಬಂದೆ. ಮಗ್ಗದ ಕಟ್ಟಳೆ ನನ್ನ ಬಾಯಿ ಕಟ್ಟಿದ್ದು ಮೊದಲ ದಿನ ಮಾತ್ರ. ಆಮೇಲಿನ ನಾಲ್ಕು ದಿನ ಕಟ್ಟಿದವಳು ನಾನೇ. ಐದನೆಯ ದಿನ ಮಾಮ ಬಂದು ವೀಳ್ಯ ಬದಲಾಯಿಸಿ ಮದುವೆ ಗಟ್ಟಿಮಾಡಿಕೊಂಡು ಹೋದರು. ಆ ಸಂಜೆ ಅಕ್ಕ ನನ್ನ ತಲೆ ಬಾಚುತ್ತಾ, ಬಹಳ ಮೆಲ್ಲಗೆ, “ಅಪ್ಪ ವಿಚಾರಿಸಿದ್ರಂತಾ?” ಎಂದಳು. ನಾನು ಹೌದೆಂದು ತಲೆ ಆಡಿಸಿದೆ. ಬಾಚಣಿಗೆ ಸ್ವಲ್ಪ ಹೊತ್ತು ಕೂದಲಲ್ಲೇ ನಿಂತಿತ್ತು. ಆಮೇಲೆ ಜಡೆ ಹೆಣೆದಳು. ಎಂದಿನಂತೆ ಬಿಗಿಯಾಗಿ, ನೀಟಾಗಿ.

ಮದುವೆಯಾಯಿತು. ಹೊರಡುವಾಗ ಅಪ್ಪನ ಕಾಲಿಗೆ ಬಿದ್ದವಳು ತಲೆ ಎತ್ತಲೇ ಇಲ್ಲ. ಲಕ್ಷಣವಾದ ಹುಡುಗಿ ಎಂದು ಬೀದಿಯವರೆಲ್ಲ ಹೊಗಳಿದರು. ನಂಜಪ್ಪ ಭಾವ ಕೆಟ್ಟವನಲ್ಲ. ಊರಿಗೆ ಬಂದಾಗ ನನಗೆ ಗಾಜಿನ ಬಳೆ ತರುತ್ತಿದ್ದ. ಹತ್ತಿರ ಬಂದರೆ ಮುಖ ಆಚೆ ತಿರುಗಿಸಿಕೊಂಡು ಮಾತಾಡುತ್ತಿದ್ದ. ತನ್ನ ಸೀಕು ಏನೆಂದು ಅವನಿಗೆ ತಿಳಿದಿತ್ತು. ಎರಡು ವರ್ಷ ತುಂಬುವ ಮೊದಲೇ ಹೋಗಿಬಿಟ್ಟ. ಅಕ್ಕ ಹದಿನೇಳು ವರ್ಷಕ್ಕೆ ಬರಿಗೈಯಲ್ಲಿ ಮನೆಗೆ ಬಂದು, ಅದೇ ಹಿತ್ತಿಲಲ್ಲಿ, ಅದೇ ರಾಟೆಯ ಮುಂದೆ ಕೂತಳು.

ಅಲ್ಲಿಂದಾಚೆ ಆ ಮನೆಯಲ್ಲಿ ಬಿದ್ದ ಮೌನವನ್ನು ನಾನೊಬ್ಬಳೇ ಓದಬಲ್ಲವಳಾಗಿದ್ದೆ. ಮಗಳು ಅಪ್ಪನ ಜೊತೆ ಮಾತಾಡದಿರುವುದು ಕಟ್ಟಳೆ. ಆದ್ದರಿಂದ ಅಕ್ಕನದು ಕಟ್ಟಳೆಯ ಮೌನವಲ್ಲ, ಬೇರೆ ಮೌನ ಎಂದು ಯಾರಿಗೂ ತಿಳಿಯಲಿಲ್ಲ. ಅಪ್ಪ ತಿಳಿದೂ ತನ್ನನ್ನು ಆ ಮನೆಗೆ ಕೊಟ್ಟರು ಎಂದು ಅವಳು ನಂಬಿದ್ದಳು. ಅಪ್ಪ ನೀರು ಕೇಳಿದರೆ ಚೊಂಬನ್ನು ನೆಲಕ್ಕೆ ಕುಕ್ಕಿ ಹಿಂತಿರುಗುತ್ತಿದ್ದಳು. ಅವಳ ದುಃಖ ಎಂದು ಅವ್ವ ಅಳುತ್ತಿದ್ದಳು. ಅಷ್ಟರಲ್ಲಿ ನಾನೂ ದೊಡ್ಡವಳಾಗಿದ್ದೆ. ಅಪ್ಪನ ಮುಖ ನೋಡಿ ಮಾತಾಡುವ ಹಕ್ಕು ನನಗೂ ಹೋಯಿತು. ನನ್ನ ಮಾತು ಒಯ್ಯಲು ಮನೆಯಲ್ಲಿ ಚಿಕ್ಕವರು ಯಾರೂ ಇರಲಿಲ್ಲ. ಹೇಳದಿರುವುದಕ್ಕೆ ನನಗೊಂದು ಕಾರಣ ಸಿಕ್ಕಿತು ಎಂದು ಸಮಾಧಾನಪಟ್ಟುಕೊಂಡೆ. ನಾಚಿಕೆಯಾಗುತ್ತದೆ ಇದನ್ನು ಬರೆಯಲು, ಆದರೂ ನಿಜ. ಒಂದು ದಿನ ಕಂಡಿಕೆಯ ಬುಟ್ಟಿ ಇಟ್ಟು ತಿರುಗುವಾಗ ಅಪ್ಪ ಮಗ್ಗಕ್ಕೆ ಹೇಳುವವರಂತೆ, “ಕೇಳ್ದೆನಲ್ಲ ನಾನು. ಬೇಡ ಅನ್ನೋಕೆ ಅವಳಿಗೇನಾಗಿತ್ತು” ಎಂದರು. ನಾನು ನಿಲ್ಲದೆ ಒಳಗೆ ಹೋದೆ.

ನನ್ನ ಮದುವೆಯಾಗಿ ಮೂರನೆಯ ವರ್ಷ ಅಪ್ಪ ತೀರಿಕೊಂಡರು. ಕೊನೆಯ ಗಳಿಗೆಯಲ್ಲಿ ಅಕ್ಕ ಬಾಯಿಗೆ ನೀರು ಬಿಟ್ಟಳು. ಆಗಲೂ ಮುಖ ನೋಡಲಿಲ್ಲ. ಆಮೇಲೆ ಅವ್ವ ಹೋದಳು. ಮಗ್ಗ ಬಿಚ್ಚಿದರು, ಗುಂಡಿ ಮುಚ್ಚಿದರು. ಈಗ ಆ ಜಾಗದಲ್ಲಿ ತೆಂಗಿನಕಾಯಿ ಮಂಡಿ ಇದೆ ಎಂದು ಕೇಳಿದ್ದೇನೆ. ನೋಡಲು ಹೋಗಿಲ್ಲ.

ಹೋದ ವರ್ಷ ನನ್ನ ಮೊಮ್ಮಗಳ ನಾಮಕರಣಕ್ಕೆ ಅಕ್ಕ ಕೊಳ್ಳೇಗಾಲಕ್ಕೆ ಬಂದಳು. ಹಲ್ಲೆಲ್ಲ ಬಿದ್ದು, ಬೆನ್ನು ಬಾಗಿ, ನಗುವುದು ಮಾತ್ರ ಹುಡುಗಿಯಂತೆ. ನೆಂಟರು ಹೋದ ಮೇಲೆ ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಒಳಗೆ ನನ್ನ ದೊಡ್ಡ ಮೊಮ್ಮಗಳು ಅವಳಪ್ಪನ ಎದುರು ನಿಂತು, ಆ ಟ್ಯೂಷನ್ನಿಗೆ ಹೋಗುವುದಿಲ್ಲ ಎಂದು ಜಗಳವಾಡುತ್ತಿದ್ದಳು. ಅಕ್ಕ ನಕ್ಕಳು. “ಪರವಾಗಿಲ್ಲ ಕಣೇ, ನಿಮ್ಮನೆ ಹುಡುಗಿ ಅಪ್ಪನ ಮುಖಕ್ಕೆ ಮುಖ ಕೊಟ್ಟು ಮಾತಾಡ್ತಾಳೆ. ನಾನು ಅಷ್ಟು ಬಿಡಿಸಿ ಹೇಳಿ ಕಳ್ಸಿದ್ರೂ ನಮ್ಮಪ್ಪ ಕಿವಿಗೆ ಹಾಕ್ಕೊಳ್ಳಲಿಲ್ಲ.” ಸಿಟ್ಟಿಲ್ಲದೆ, ಹಳೆಯ ಗಾಯದ ಗುರುತು ತೋರಿಸುವವಳಂತೆ ಹೇಳಿದಳು.

ನನ್ನ ಕೈಯಲ್ಲಿದ್ದ ಕಾಯಿ ಕೆಳಗಿಟ್ಟೆ. “ಅಕ್ಕ, ಅಪ್ಪನಿಗೆ ಗೊತ್ತಿರಲಿಲ್ಲ” ಎಂದೆ. ಅವಳಿಗೆ ಅರ್ಥವಾಗಲಿಲ್ಲ. “ಏನು ಗೊತ್ತಿರಲಿಲ್ಲ?” ಎಂದಳು. ಹೊಸ ಹಾಸು, ಕುಂಕುಮ, ಏನೂ ಅನ್ನಲಿಲ್ಲ ಅಂದದ್ದು, ವಿಚಾರಿಸುತ್ತಾರೆ ಅಂದದ್ದು, ಬಾವಿಕಟ್ಟೆ, ಬಾಚಣಿಗೆ ನಿಂತಾಗ ನಾನು ತಲೆ ಆಡಿಸಿದ್ದು, ಎಲ್ಲ ಹೇಳಿದೆ. ಅಪ್ಪ ಮಗ್ಗಕ್ಕೆ ಹೇಳಿಕೊಂಡ ಮಾತನ್ನೂ ಹೇಳಿದೆ.

ಅಕ್ಕ ಮಡಿಲಲ್ಲಿದ್ದ ಕಾಳನ್ನು ಮೊರಕ್ಕೆ ಸುರಿದಳು. “ಹಾಗಾದ್ರೆ ಅಪ್ಪ ನನ್ನ ನಿಜವಾಗ್ಲೂ ಕೇಳಿದ್ರು” ಎಂದಳು. ಮತ್ತೆ, “ಅವ್ರು ಸಾಯೋವಾಗ ನನ್ನೇ ನೋಡ್ತಿದ್ರು ಕಣ್ಣು. ನಾನು ಗೋಡೆ ನೋಡ್ತಿದ್ದೆ” ಎಂದಳು.

ಮಾತು ಒಯ್ಯಲು ನಮ್ಮ ನಡುವೆ ಯಾರೂ ಇರಲಿಲ್ಲ. ಅವಳ ಗಲ್ಲ ಹಿಡಿದು ಮುಖವನ್ನು ನನ್ನ ಕಡೆಗೆ ತಿರುಗಿಸಿಕೊಂಡು ನಾನೇ ಹೇಳಿದೆ: “ಅಕ್ಕ, ನಿನ್ ಬದುಕೂ ಹಾಳುಮಾಡ್ದೆ, ನಿನಗೆ ಅಪ್ಪನೂ ಇಲ್ಲದ ಹಂಗೆ ಮಾಡ್ದೆ. ಅಪ್ಪ ಕೆಟ್ಟವರಲ್ಲ, ನಾನೇ ಹೇಳ್ಲಿಲ್ಲ. ತಪ್ಪಾಯ್ತು ಅಕ್ಕ.”