ಸಾರಿನ ಪಾತ್ರೆಗೆ ತೊಡಿಸಿದ ಲೈಫ್ ಜಾಕೆಟ್

ಈ ಘಟನೆಯನ್ನು ಭಾವ ಹೇಳುವ ರೀತಿಯೇ ಬೇರೆ. ಅವರು ಹೇಳುವಾಗ ಒಂದು ದೊಡ್ಡ ಹಮೂರ್ ಮೀನು ಬರುತ್ತದೆ, ಅದು ಗಾಳದ ದಾರ ಎಳೆಯುತ್ತದೆ, ಭಾವ ಬಿಡುವುದಿಲ್ಲ, ಆಮೇಲೆ ಇಬ್ಬರೂ ನೀರಿನಲ್ಲಿ. ಮೀನು ಇರಲಿಲ್ಲ. ನಾನು ಅವರಿಂದ ನಾಲ್ಕು ಅಡಿ ದೂರದಲ್ಲಿ ಕೂತಿದ್ದೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಆಗಿನ್ನೂ ದೋಹಾದ ಸುತ್ತ ಇಷ್ಟು ಕಟ್ಟಡಗಳು ಎದ್ದಿರಲಿಲ್ಲ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಅಕ್ಕ ಮತ್ತು ಭಾವ ಅಲ್ ರಯ್ಯಾನ್‌ನಲ್ಲಿದ್ದರು; ನಾನು ಅವರ ಮನೆಯಲ್ಲೇ ಇದ್ದುಕೊಂಡು ಒಂದು ಆಫೀಸಿಗೆ ಹೋಗುತ್ತಿದ್ದೆ. ಭಾವನಿಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ದೋಣಿ ಎಂಜಿನ್ ರಿಪೇರಿಯ ಕೆಲಸ. ಅವರು ಎಂಜಿನ್ ನೋಡಿಕೊಳ್ಳುತ್ತಿದ್ದ ಒಬ್ಬ ವಯಸ್ಸಾದ ಕತಾರಿ ಯಜಮಾನರು ಶುಕ್ರವಾರಗಳಂದು ತಮ್ಮ ಸಣ್ಣ ಫೈಬರ್ ದೋಣಿಯನ್ನು ನಮಗೆ ಬಿಟ್ಟುಕೊಡುತ್ತಿದ್ದರು.

ಕೊಡುವಾಗ ಒಂದು ನಿಯಮ. ಬೇಸಿಗೆಯಲ್ಲಿ ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಕು. ಚಳಿ ಬಂದು ವಾಯವ್ಯದ ಶಮಾಲ್ ಗಾಳಿ ಶುರುವಾದ ಮೇಲೆ ಅದು ಮೈಮೇಲೆ ಇರಬೇಕು. ಕೋಟಿನ ಮೇಲೆ, ಬಕಲ್ ಹಾಕಿ, ಜೆಟ್ಟಿ ಬಿಟ್ಟಾಗಿನಿಂದ ಜೆಟ್ಟಿಗೆ ಮರಳುವವರೆಗೆ. ಯಾಕೆ ಎಂದು ಭಾವ ಒಮ್ಮೆ ಕೇಳಿದ್ದರು. ಯಜಮಾನರು ತಮ್ಮ ಅರೆಬರೆ ಹಿಂದಿಯಲ್ಲಿ ಹೇಳಿದ್ದು ಇಷ್ಟು: "ಬೇಸಿಗೆಯಲ್ಲಿ ಬಿದ್ದವನು ನೀರಿನಿಂದಲೇ ನನ್ನನ್ನು ಬೈಯುತ್ತಾನೆ. ಚಳಿಯಲ್ಲಿ ಬಿದ್ದವನಿಗೆ ಬೈಯಲು ಉಸಿರೇ ಇರುವುದಿಲ್ಲ. ಖಲಾಸ್."

ಭಾವ ನಕ್ಕಿದ್ದರು. ಅವರು ನಮ್ಮೂರ ಅಳಿವೆಯಲ್ಲಿ ಮಳೆಗಾಲದಲ್ಲೂ ಈಜಿದವರು. ಕರಾವಳಿಯ ನಮ್ಮಂಥವರಿಗೆ ಜಾಕೆಟ್ ತೊಡುವುದೆಂದರೆ ಒಂದು ಬಗೆಯ ನಾಚಿಕೆ. ಬೇಸಿಗೆಯಿಡೀ ನಾವು ಅವುಗಳ ಮೇಲೆ ಕೂರುತ್ತಿದ್ದೆವು. ಮೆತ್ತಗಿರುತ್ತಿದ್ದವು.

ಚಳಿಗಾಲದ ಆ ಶುಕ್ರವಾರ ನಾವು ಮೂವರು. ಮೂರನೆಯವರು ಬಿಜಾಪುರದ ಕಡೆಯ ಗೆಳೆಯ, ಗ್ಯಾಸ್ ಪ್ಲಾಂಟಿನಲ್ಲಿ ಸೇಫ್ಟಿ ವಿಭಾಗದವರು. ಭಾವ ಅವರನ್ನು ಕರೆಯುತ್ತಿದ್ದದ್ದೇ ಸೇಫ್ಟಿ ಎಂದು. ಅಕ್ಕ ಕೋರಿ ರೊಟ್ಟಿ ಕಟ್ಟಿಕೊಟ್ಟಿದ್ದಳು. ರೊಟ್ಟಿ ಚೀಲದಲ್ಲಿ, ಕೋಳಿ ಸಾರು ಅಲ್ಯೂಮಿನಿಯಂ ಪಾತ್ರೆಯಲ್ಲಿ, ಮುಚ್ಚಳದ ಮೇಲಿಂದ ಬಟ್ಟೆ ಬಿಗಿದು. ಜೆಟ್ಟಿಯ ಕಾವಲುಗಾರ ಮೂರು ತಲೆ, ಮೂರು ಜಾಕೆಟ್ ನೋಡಿ, ಹೊರಡಿ ಎನ್ನುವಂತೆ "ಯಲ್ಲಾ" ಎಂದ.

ದಡ ಒಂದು ಗೆರೆಯಷ್ಟಾದ ಕೂಡಲೇ ಭಾವ ಲಂಗರು ಇಳಿಸಿ ತಮ್ಮ ಜಾಕೆಟ್ ಬಿಚ್ಚಿದರು.

"ಸಾರು ತಣ್ಣಗಾದರೆ ನಿನ್ನ ಅಕ್ಕ ನನ್ನನ್ನು ಬಿಡ್ತಾಳಾ? ಹಿಡಿ ಇದನ್ನು."

ನಾನು ಪಾತ್ರೆ ಹಿಡಿದೆ. ಅವರು ಅದಕ್ಕೆ ಜಾಕೆಟ್ ಸುತ್ತಿ, ಬಕಲ್ ಹಾಕಿ, ಅದು ಸಾಲದೆಂದು ನೈಲಾನ್ ಹಗ್ಗದಿಂದ ಬಿಗಿದು, ತಮ್ಮ ಅಪ್ಪ ಕಲಿಸಿದ ಗಂಟು ಹಾಕಿದರು. ಒದ್ದೆಯಾದಷ್ಟೂ ಬಿಗಿಯುವ ಗಂಟು.

"ಏನ್ರೀ ಇದು?" ಎಂದರು ಗೆಳೆಯ. "ಕೋಳಿಗೆ ಜಾಕೀಟ್ ಹಾಕಿ ನೀವು ಹಂಗs ಕುಂತೀರಿ? ಆ ಕೋಳಿ ಆಗ್ಲೇ ಸತ್ತದ. ನೀವು ಇನ್ನೂ ಅದೀರಿ."

"ಓ ಸೇಫ್ಟೀ, ನೀವು ಬಾವಿಯಲ್ಲಿ ಈಜು ಕಲಿತವರು. ಬೇಕಾದ್ರೆ ಎರಡು ಹಾಕಿಕೊಳ್ಳಿ ಮಾರಾಯ್ರೆ."

"ಬಾವ್ಯಾಗೂ ಕಲ್ತಿಲ್ರೀ. ನಮ್ಮ ಬಾವ್ಯಾಗ ನೀರs ಇರ್ಲಿಲ್ಲ."

ನಾನು ನಕ್ಕೆ. ಇದನ್ನೂ ಬರೆಯಬೇಕು, ಯಾಕೆಂದರೆ ಪಾತ್ರೆ ಹಿಡಿದವನು ನಾನೇ.

ಒಂದು ಗಂಟೆ ಮೀನು ಸಿಗಲಿಲ್ಲ. ಭಾವ ಮೂರು ಲೋಟ ಚಹಾ ಕುಡಿದರು. ಆಮೇಲೆ ಅದರ ಪರಿಣಾಮವಾಗಿ ಎದ್ದು, ಗಾಳಿಗೆ ಬೆನ್ನು ಮಾಡಿ, ದೋಣಿಯ ಅಂಚಿಗೆ ಮೊಣಕಾಲು ಊರಿ ನಿಂತರು. ಮೈಮೇಲೆ ದಪ್ಪ ಹತ್ತಿ ತುಂಬಿದ ಕೋಟು, ಕಾಲಲ್ಲಿ ವರ್ಕ್‌ಶಾಪಿನ ಬೂಟು. ಯಾವಾಗಲೋ ದಾಟಿಹೋಗಿದ್ದ ದೊಡ್ಡ ದೋಣಿಯ ಅಲೆ ತಡವಾಗಿ ನಮ್ಮಲ್ಲಿಗೆ ಬಂತು. ದೋಣಿ ಒಮ್ಮೆ ಓಲಿತು. ಭಾವ ಇದ್ದ ಜಾಗದಲ್ಲಿ ಆಕಾಶ ಕಂಡಿತು.

ಅವರು ಮೇಲೆ ಬಂದರು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಕೈಗಳು ನೀರನ್ನು ಬಡಿಯುತ್ತಿದ್ದವು, ಈಜುತ್ತಿರಲಿಲ್ಲ. ಭಾವ ಕೆಂಪು ಸಿಗ್ನಲ್ಲಿಗೆ ಬೈಯುವವರು, ಬಿಸಿ ಲೋಟಕ್ಕೆ ಬೈಯುವವರು, ತೆರೆಯದ ಡಬ್ಬಿಗೆ ಬೈಯುವವರು. ನಾನು ಆ ಬೈಗುಳಕ್ಕೆ ಕಾದೆ. ಬರಲಿಲ್ಲ. ಆಗ ಯಜಮಾನರ ಮಾತು ನೆನಪಾಯಿತು. ಗಾಳಿ ಅವರನ್ನು ಒಂದು ದೋಣಿಯಷ್ಟು ದೂರ ಒಯ್ದಿತ್ತು, ಆಮೇಲೆ ಎರಡು. ಕೋಟು ಅವರನ್ನು ಕೆಳಗೆ ಎಳೆಯುತ್ತಿತ್ತು. ನನ್ನ ಎರಡೂ ಕೈ ದೋಣಿಯ ಅಂಚನ್ನು ಹಿಡಿದಿದ್ದವು. ಬಿಡು ಎಂದರೂ ಅವು ಬಿಡಲಿಲ್ಲ.

ಗೆಳೆಯ ಕೂಗಲಿಲ್ಲ. ಪಾತ್ರೆಯ ಗಂಟಿಗೆ ಕೈ ಹಾಕಿದರು, ಅದು ಬಿಚ್ಚಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಲೂ ಇಲ್ಲ. ದೋಣಿ ಕಟ್ಟುವ ಹಗ್ಗದ ಕೊಕ್ಕೆಯನ್ನು ಜಾಕೆಟ್ಟಿನ ಹೆಗಲ ಪಟ್ಟಿಗೆ ಸಿಕ್ಕಿಸಿ, ಸಾರು ಸಮೇತ ಎತ್ತಿ ಎಸೆದರು.

"ಹಿಡೀರೀ!"

ಪಾತ್ರೆ ಭಾವನನ್ನು ದಾಟಿ ಬಿತ್ತು, ಮುಳುಗಿತು, ಕಿತ್ತಳೆ ಬಣ್ಣದ ಹೊಟ್ಟೆ ಮೇಲೆ ಮಾಡಿಕೊಂಡು ಎದ್ದಿತು. ಗೆಳೆಯ ಹಗ್ಗದ ತುದಿಯನ್ನು ನನ್ನ ಬೆರಳಿಗೆ ತುರುಕಿ "ಎಳೀರಿ, ಸಾವಕಾಶ" ಎಂದರು. ಆಗಲೇ ನನ್ನ ಕೈ ಅಂಚನ್ನು ಬಿಟ್ಟದ್ದು. ಎಳೆದೆ. ಪಾತ್ರೆ ತೇಲುತ್ತ ಭಾವನ ಎದೆಗೆ ತಾಗಿತು. ಅವರು ಅದನ್ನು ತಬ್ಬಿಕೊಂಡರು, ಮುಚ್ಚಳದ ಮೇಲೆ ಗದ್ದ ಊರಿದರು. ಒಂದು ಉಸಿರು ಒಳಗೆ ಹೋದದ್ದು ಕೇಳಿಸಿತು. ಇನ್ನೊಂದು. ಆಮೇಲೆ ಬೈಗುಳ.

ತುಳುವಿನಲ್ಲಿ, ಉದ್ದಕ್ಕೆ. ಅಲೆಗೆ, ಗಾಳಿಗೆ, ಚಹಾಕ್ಕೆ, ಪಾತ್ರೆಯನ್ನು ತಲೆಗೆ ಗುರಿಯಿಟ್ಟು ಎಸೆದ ಬಿಜಾಪುರಕ್ಕೆ. ತುಳು ಬಾರದ ಗೆಳೆಯ "ಏನಂತಾರ?" ಎಂದು ಕೇಳಿದರು.

"ಬದುಕಿದ್ದೇನೆ ಅಂತಾರೆ," ಎಂದೆ.

ಇಬ್ಬರೂ ಸೇರಿ ಅವರನ್ನು ದೋಣಿಯ ಹಿಂಬದಿಯಿಂದ ಮೇಲೆ ಹಾಕಿಕೊಂಡೆವು. ಒದ್ದೆ ಕೋಟು ತೆಗೆದು ಗೆಳೆಯನ ಸ್ವೆಟರ್, ನನ್ನ ಮಂಕಿ ಕ್ಯಾಪ್ ಹಾಕಿದೆವು. ಪಾತ್ರೆಯ ಹಗ್ಗವನ್ನು ಮೀನಿನ ಚಾಕುವಿನಿಂದ ಕತ್ತರಿಸಬೇಕಾಯಿತು. ಸಾರು ಇನ್ನೂ ಬಿಸಿಯಾಗಿತ್ತು. ಭಾವ ಲೋಟದಲ್ಲಿ ಕುಡಿದರು, ಹಲ್ಲು ಲೋಟಕ್ಕೆ ಟಕಟಕ ಬಡಿಯುತ್ತಿತ್ತು.

"ಉಪ್ಪು ಸ್ವಲ್ಪ ಹೆಚ್ಚಾಗಿದೆ," ಎಂದರು. "ನಿನ್ನ ಅಕ್ಕನಿಗೆ ಹೇಳಬೇಡ."

ಭಾವನ ಕಥೆಯ ಹಮೂರ್ ಮೀನು ಹುಟ್ಟಿದ್ದು ಮನೆಗೆ ಮರಳುವ ದಾರಿಯಲ್ಲಿ. ಅಕ್ಕ ಪೂರ್ತಿ ಕೇಳಿ, ಗೆಳೆಯನ ಕಡೆ ತಿರುಗಿ "ನೀವು ಹೇಳಿ" ಎಂದಳು. ದಿನವೂ ರಿಪೋರ್ಟ್ ಬರೆಯುವ ಮನುಷ್ಯ. ಮೂರು ಲೋಟ ಚಹಾದಿಂದಲೇ ಶುರು ಮಾಡಿದರು. ಅಕ್ಕ ಭಾವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.

ಆ ವಾರ ಆಫೀಸಿನಲ್ಲಿ ಕೀಬೋರ್ಡ್ ಮುಟ್ಟಿದರೆ ನನ್ನ ಬೆರಳುಗಳು ದೋಣಿಯ ಅಂಚು ಹಿಡಿದ ಹಾಗೆ ಮಡಚಿಕೊಳ್ಳುತ್ತಿದ್ದವು. ಇನ್ನು ಕಡಲಿಗೆ ಹೋಗುವುದಿಲ್ಲ ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆ ಅಕ್ಕನೇ ಎಬ್ಬಿಸಿದಳು. ಪಾತ್ರೆಗೆ ಹಳೆಯ ಕಂಬಳಿ ಸುತ್ತಿಟ್ಟಿದ್ದಳು. ಭಾವ ಬಾಗಿಲಲ್ಲಿ ಕೈ ಎತ್ತಿ ನಿಂತಿದ್ದರು. ಮನೆಗೆ ತಂದು ತೊಳೆದರೂ ಸಾರಿನ ವಾಸನೆ ಹೋಗದ ಆ ಜಾಕೆಟ್ಟನ್ನು ಅವಳು ಅವರಿಗೆ ಕೋಟಿನ ಮೇಲೆ ತೊಡಿಸಿ, ಬಕಲ್ ಹಾಕಿ, ಮೇಲಿಂದ ನೈಲಾನ್ ಹಗ್ಗ ಬಿಗಿದು, ಭಾವನಿಂದಲೇ ಕಲಿತ ಅದೇ ಗಂಟು ಹಾಕಿದಳು.

"ಜೆಟ್ಟಿಗೆ ಹೋಗಿ ಹಾಕಿಕೊಳ್ತಿದ್ದೆ, ಮಾರಾಯ್ತಿ."

"ಇಲ್ಲಿಂದಲೇ ಹೋಗಲಿ."

ಭಾವ ಹಾಗೆಯೇ ಕಾರು ಓಡಿಸಿದರು. ಮೊದಲ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಕಂಪನಿ ಬಸ್ಸಿನ ಕಿಟಕಿಗಳೆಲ್ಲ ತೆರೆದುಕೊಂಡವು, ಜನ ಬಗ್ಗಿ ನೋಡಿ ನಕ್ಕರು. ಭಾವ ಗಾಜು ಇಳಿಸಿ ತುಳುವಿನಲ್ಲಿ ಬೈಯತೊಡಗಿದರು. ಸಿಗ್ನಲ್ ಹಸಿರಾದರೂ ಬೈಗುಳ ನಿಲ್ಲಿಸಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಪಾತ್ರೆ ಹಿಡಿದು ಕೂತು, ಒಂದೊಂದು ಮಾತನ್ನೂ ಕೇಳಿಸಿಕೊಂಡೆ.